ಸ್ಮಾರಕ ಬೇಡವೆಂದವರ ಸ್ಮರಣೆ

ಜನವರಿ ಬಂತೆಂದರೆ ನಾಡಿನ ಭಕ್ತಸಮೂಹಕ್ಕೆ ಎರಡು ಸ್ಮರಣೆಗಳು ಒಂದರ ಹಿಂದೊಂದು ಬರುತ್ತವೆ. 2ನೆಯ ತಾರೀಖು ವಿಜಯಪುರ ಜ್ಞಾನಯೋಗಾಶ್ರಮದ ಪೂಜ್ಯ ಶ್ರೀ ಸಿದ್ಧೇಶ್ವರ ಸ್ವಾಮೀಜಿಯವರದು. 21 ತುಮಕೂರು ಸಿದ್ಧಗಂಗಾ ಮಠದ ಪರಮಪೂಜ್ಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳವರದು. ಹೋದವರನ್ನು ನೆನೆಯುವುದು ಹೇಗೆಂಬ ಪ್ರಶ್ನೆಗೆ ಈ ಇಬ್ಬರೂ ಉತ್ತರ ಇಟ್ಟುಹೋಗಿದ್ದಾರೆ. ಅದನ್ನು ನಾವು ಎಷ್ಟರಮಟ್ಟಿಗೆ ಕೇಳಿಸಿಕೊಂಡಿದ್ದೇವೆ ಎಂಬುದೇ ವಿಚಾರಾರ್ಹ.

ಸಿದ್ಧೇಶ್ವರ ಸ್ವಾಮೀಜಿಯವರು 2014ರ ಗುರುಪೂರ್ಣಿಮೆಯಂದೇ ತಮ್ಮ ಅಂತಿಮ ಇಚ್ಛೆಯನ್ನು ಬರೆದಿಟ್ಟಿದ್ದರು. ದೇಹವನ್ನು ಹೂಳದೆ ಅಗ್ನಿಗೆ ಅರ್ಪಿಸಬೇಕು, ಶ್ರಾದ್ಧಾದಿ ಕರ್ಮಗಳು ಕೂಡದು, ಚಿತಾಭಸ್ಮವನ್ನು ನೀರಿನಲ್ಲಿ ವಿಸರ್ಜಿಸಬೇಕು, ಸ್ಮಾರಕ ಕಟ್ಟಬಾರದು ಎಂಬುದು ಅದರ ಸಾರ. ಗದ್ದುಗೆಗೆ ಹಣೆ ಹಚ್ಚಿ ಬೆಳೆದ ಸಮಾಜಕ್ಕೆ ಇದು ಸುಲಭದ ಮಾತಾಗಿರಲಿಲ್ಲ. ಆದರೂ 2023ರ ಜನವರಿ 3ರಂದು ಆಶ್ರಮದ ಆವರಣದಲ್ಲಿ ಅವರ ಇಚ್ಛೆಯಂತೆಯೇ ಅಗ್ನಿಸಂಸ್ಕಾರ ನಡೆಯಿತು. ಕಣ್ಣೀರು ಸುರಿಸುತ್ತ ನಿಂತಿದ್ದ ಭಕ್ತರು ಗುರುವಿನ ಮಾತನ್ನು ಮೀರಲಿಲ್ಲ. ಅಂದು ತೋರಿದ ಆ ಸಂಯಮವೇ ದೊಡ್ಡ ಗೌರವವೆಂದು ನಮ್ಮ ಭಾವನೆ.

ಸಿದ್ಧಗಂಗೆಯ ಕಥೆ ಬೇರೆ. 2019ರ ಜನವರಿ 21ರ ಬೆಳಗಿನಲ್ಲೇ ಶ್ರೀಗಳು ಲಿಂಗೈಕ್ಯರಾದರೂ, ಮಕ್ಕಳ ಪ್ರಸಾದ ಮುಗಿಯುವವರೆಗೆ ಸುದ್ದಿಯನ್ನು ಹೊರಗೆಡಹಲಿಲ್ಲ. ತಮ್ಮ ಸಾವಿನಿಂದ ಮಕ್ಕಳು ಹಸಿದಿರಬಾರದೆಂಬುದು ಅವರ ಅಪೇಕ್ಷೆಯಾಗಿತ್ತು. ಸುಮಾರು ಹತ್ತು ಸಾವಿರ ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ನೀಡಿದ ಮಠದಲ್ಲಿ ಅಂದು ಅಡುಗೆಮನೆಯ ಒಲೆ ಆರದಿದ್ದುದೇ ಮೊದಲ ಶ್ರದ್ಧಾಂಜಲಿ. ಆ ದಿನವನ್ನು ಸರಕಾರ ದಾಸೋಹ ದಿನವೆಂದು ಘೋಷಿಸಿದ್ದು ಉಚಿತವಾಗಿದೆ. ಆದರೆ ಅದೇ ಸರಕಾರಿ ವ್ಯವಸ್ಥೆ ಶ್ರೀಗಳ ಹುಟ್ಟೂರಾದ ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 111 ಅಡಿಯ ಪ್ರತಿಮೆಯ ಯೋಜನೆಗೂ ಕೈಹಾಕಿತು. ಬಾಳಿದ ವರ್ಷಗಳನ್ನು ಅಡಿಗಳಲ್ಲಿ ಅಳೆಯುವ ಈ ಲೆಕ್ಕಾಚಾರ ಶ್ರೀಗಳ ಮನಸ್ಸಿಗೆ ಹತ್ತಿರವಾದುದೆಂದು ಹೇಳಲು ನಮಗೆ ಧೈರ್ಯವಿಲ್ಲ.

ಪ್ರತಿಮೆಯೇ ಬೇಡವೆಂಬ ಹಟ ನಮ್ಮದಲ್ಲ. ಬಸವಕಲ್ಯಾಣದ 108 ಅಡಿಯ ಬಸವಣ್ಣನವರ ಮೂರ್ತಿಯನ್ನು ನೋಡಿದ ಮೇಲೆ ಶರಣರ ಇತಿಹಾಸದತ್ತ ತಿರುಗಿದವರೂ ಇರಬಹುದು. ಗದ್ದುಗೆಯೂ ಅಷ್ಟೆ, ಅದರ ಸುತ್ತ ದಾಸೋಹ, ಅನುಭಾವ ನಡೆಯುತ್ತಿದ್ದರೆ ಅದು ಬರಿಯ ಕಲ್ಲಲ್ಲ. ಪ್ರೇತಸೂತಕವನ್ನೇ ನಿರಾಕರಿಸಿದ ಶರಣರಿಗೆ ಮರಣವೆಂದರೆ ಐಕ್ಯ. ಸತ್ತವರಿಗಾಗಿ ಇರುವವರು ಸಲ್ಲಿಸಬೇಕಾದ ಬಾಕಿ ಕರ್ಮ ಯಾವುದೂ ಅಲ್ಲಿ ಉಳಿಯದು. ಆದ್ದರಿಂದ ನಾವು ಮಾಡುವ ಸ್ಮರಣೋತ್ಸವವೆಲ್ಲ ನಮಗಾಗಿ, ನಮ್ಮ ಮಕ್ಕಳಿಗಾಗಿ. ಗುರುವಿನ ಚಿತ್ರಕ್ಕಿಂತ ದಾನಿಗಳ, ಮುಖಂಡರ ಮುಖಗಳೇ ದೊಡ್ಡದಾಗಿರುವ ಬ್ಯಾನರುಗಳು ಅದರಲ್ಲಿ ಯಾರಿಗಾಗಿ?

ಊರೂರಿನ ಸ್ಮರಣೋತ್ಸವ ಸಮಿತಿಗಳು ವೇದಿಕೆ, ಹಾರ, ಬ್ಯಾನರುಗಳ ಖರ್ಚಿನ ಪಕ್ಕದಲ್ಲೇ ಆ ಊರಿನ ಬಡ ವಿದ್ಯಾರ್ಥಿಗಳ ಶುಲ್ಕಕ್ಕೆ ಕೊಟ್ಟ ಹಣವನ್ನೂ ಬರೆದು ಭಕ್ತರ ಮುಂದೆ ಓದಲಿ. ಮೊದಲ ವರ್ಷ ಆ ಸಾಲು ಖಾಲಿಯಿದ್ದರೂ ಅದನ್ನು ಖಾಲಿಯೆಂದೇ ಓದಲಿ.