ರಾಜನ ಮಂಡಿ, ನನ್ನ ಮಂಡಿ

ನಮ್ಮ ಮನೆಯ ರಾಜನಿಗೆ ಈಗ 13 ವರ್ಷ. ಗೇಟು ಸದ್ದಾದರೆ ಎಲ್ಲರಿಗಿಂತ ಮೊದಲು ಓಡುತ್ತಿದ್ದ ನಾಯಿ, ಕಳೆದ ಚಳಿಗಾಲದಿಂದ ಕರೆದರೂ ಏಳುತ್ತಿರಲಿಲ್ಲ. ‘ಸೋಮಾರಿಯಾಗಿದ್ದೀಯ’ ಎಂದು ಗದರಿದವನು ನಾನೇ. ಒಂದು ಬೆಳಿಗ್ಗೆ ಟೈಲ್ಸ್ ಮೇಲೆ ಅವನ ಹಿಂಗಾಲುಗಳು ಎರಡು ದಿಕ್ಕಿಗೆ ಜಾರಿದ್ದನ್ನು ಕಂಡಾಗ ತಿಳಿಯಿತು: ಅದು ಸೋಮಾರಿತನವಲ್ಲ, ನೋವು.

ನನ್ನ ಮಂಡಿನೋವಿನ ಮಾತ್ರೆಯನ್ನೇ ಅರ್ಧ ಮುರಿದು ಕೊಡಲು ಹೊರಟೆ. ಮೊಮ್ಮಗಳು ಕೈ ಹಿಡಿದಳು. “ತಾತ, ಡಾಕ್ಟರನ್ನು ಕೇಳೋಣ.” ಕೇಳಿದ್ದು ಒಳ್ಳೆಯದಾಯಿತು. ಐಬುಪ್ರೊಫೆನ್‌ನಂಥ ನಮ್ಮ ಮಾತ್ರೆಗಳು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ, ಮೂತ್ರಪಿಂಡವನ್ನೂ ಕೆಡಿಸಬಹುದಂತೆ! ಪಶುವೈದ್ಯರು ಸಂಧಿವಾತವೆಂದು ಗುರುತಿಸಿ, ನಾಯಿಗೆಂದೇ ಇರುವ ಔಷಧ ಬರೆದರು. ತೂಕ ಇಳಿಸಲೂ ಹೇಳಿದರು.

ಉಳಿದದ್ದು ನಮ್ಮ ಕೆಲಸ. ಅವನು ಓಡಾಡುವ ದಾರಿಗೆಲ್ಲ ಜಾರದ ರಬ್ಬರ್ ಮ್ಯಾಟ್ ಹಾಸಿದೆವು. ಬೆಳೆದ ಉಗುರು ಕತ್ತರಿಸಿದೆವು. ಮಲಗಲು ದಪ್ಪ ಹಾಸಿಗೆ ಹಾಕಿದೆವು. ಮೆಟ್ಟಿಲು ಇಳಿಯುವಾಗ ಹೊಟ್ಟೆಯಡಿ ಟವೆಲ್ ಹಾಯಿಸಿ ಮೆಲ್ಲಗೆ ಎತ್ತಿ ಹಿಡಿಯುತ್ತೇವೆ. ಒಂದೇ ದೊಡ್ಡ ವಾಕಿಂಗ್ ಬದಲು 10 ನಿಮಿಷದ ಮೂರು ಸುತ್ತು. ನನ್ನ ಮಂಡಿಗೂ ಅಷ್ಟೇ ಹಿತ.

ಮಕ್ಕಳೇ, ನಿಮ್ಮ ಮನೆಯ ಮುದಿ ನಾಯಿ ಕರೆದಾಗ ಬರದಿದ್ದರೆ ಗದರಬೇಡಿ. ನೀವೇ ಎದ್ದು ಅದರ ಬಳಿ ಹೋಗಿ.