ಗಾಡಿ ಓಡಿಸಿದ್ದು ಯಾರು ಅಂತ ನಿಜಾನೇ ಬರೀರಿ

ಹೋದ ವಾರ ಪಕ್ಕದೂರಿನವರೊಬ್ಬರು ಫೋನ್ ಮಾಡಿದ್ರು. ಅವರ ಪಿಕಪ್ ಗಾಡಿ ಹಳ್ಳಕ್ಕೆ ಬಿದ್ದಿದೆ. ಕೇಳಿದ ಮೊದಲ ಮಾತೇ, "ಡ್ರೈವರ್ ಹೆಸರು ಬೇರೆ ಬರೆಸಿದ್ರೆ ನಡೆಯುತ್ತಾ?" ಬೇಡ ಅಂದೆ. ಯಾಕೆ ಅಂತ ಫೋನಲ್ಲಿ ಪೂರ್ತಿ ಹೇಳೋಕಾಗ್ಲಿಲ್ಲ. ಈರುಳ್ಳಿ, ಟೊಮೆಟೊ ಹಾಕೋಕೆ ಗಾಡಿ ಇಟ್ಕೊಂಡಿರೋರು ನಮ್ಮ ಸುತ್ತಮುತ್ತ ಬಹಳ ಜನ ಇದೀವಿ. ಅದಕ್ಕೇ ಇಲ್ಲಿ ಬರೀತಿದೀನಿ.

ನಮ್ದು 407, ಆರು ವರ್ಷದ ಗಾಡಿ. ಹೋದ ದೀಪಾವಳಿಗೆ ಹತ್ತು ದಿನ ಮುಂಚೆ ಈರುಳ್ಳಿ ತುಂಬಿಕೊಂಡು ಯಶವಂತಪುರ ಯಾರ್ಡಿಗೆ ಹೊರಟಿತ್ತು. ಓಡಿಸ್ತಿದ್ದದ್ದು ನಮ್ಮೂರಿನದೇ ಹುಡುಗ, ನಾಲ್ಕು ವರ್ಷದಿಂದ ನಮ್ಮಲ್ಲೇ ಕೆಲಸ. ಶಿರಾ ದಾಟಿದ ಮೇಲೆ, ರಾತ್ರಿ ಎರಡೂವರೆ ಹೊತ್ತಲ್ಲಿ, ರಸ್ತೆ ಎಡಕ್ಕೆ ಕೆಟ್ಟು ನಿಂತಿದ್ದ ಲಾರಿಗೆ ಹಿಂದಿನಿಂದ ಗುದ್ದಿದೆ. ಆ ಲಾರಿಗೆ ಹಿಂದೆ ಲೈಟೂ ಇರಲಿಲ್ಲ, ರಿಫ್ಲೆಕ್ಟರೂ ಇರಲಿಲ್ಲ. ನಮ್ಮ ಕ್ಯಾಬಿನ್ ಒಳಕ್ಕೆ ನುಗ್ಗಿ ಹುಡುಗನ ಎಡಗಾಲು ಎರಡು ಕಡೆ ಮುರೀತು. ತುಮಕೂರಲ್ಲಿ ಆಪರೇಷನ್ ಮಾಡಿ ರಾಡ್ ಹಾಕಿದ್ರು. ಈರುಳ್ಳಿ ಅರ್ಧ ರಸ್ತೆ ಪಾಲಾಯ್ತು.

ಮಾರನೇ ದಿನ ಗ್ಯಾರೇಜ್ ಮುಂದೆ ಬುದ್ಧಿ ಹೇಳೋರಿಗೇನೂ ಬರ ಇರಲಿಲ್ಲ. "ಹುಡುಗನ ಹತ್ರ ಇರೋದು ಬರೀ ಎಲ್‌ಎಂವಿ ಲೈಸೆನ್ಸು, ಟ್ರಾನ್ಸ್‌ಪೋರ್ಟ್ ಇಲ್ಲ. ಕ್ಲೇಮು ಹೋಯ್ತು ಅನ್ಕೊಳ್ಳಿ. ನಿಮ್ಮ ಹತ್ರ ಹೆವಿ ಲೈಸೆನ್ಸ್ ಇದೆಯಲ್ಲ ಗೌಡ್ರೇ, ನಾನೇ ಓಡಿಸ್ತಿದ್ದೆ ಅಂತ ಬರೆದುಬಿಡಿ" ಅಂದ್ರು. ಸುಳ್ಳು ಯಾಕೆ ಹೇಳಲಿ, ನನಗೂ ಅದೇ ಸರಿ ಅನ್ನಿಸ್ತು. ಎರಡೂವರೆ ಲಕ್ಷದ ಮಾತು. ಕ್ಲೇಮ್ ಫಾರಂ ಜೇಬಲ್ಲಿಟ್ಕೊಂಡೇ ಆಸ್ಪತ್ರೆಗೆ ಹೋಗಿ ಹುಡುಗನ ತಾಯಿಗೆ ವಿಷಯ ಹೇಳಿದೆ, ಒಪ್ತಾರೆ ಅಂತ.

ಆಯಮ್ಮ ಜಗಳ ಮಾಡಲಿಲ್ಲ. "ಅಣ್ಣಾ, ಗಾಡಿ ಓಡಿಸಿದ್ದು ನನ್ನ ಮಗ ಅಲ್ಲ ಅಂದ್ರೆ, ಈ ಕಾಲು ಯಾಕೆ ಮುರೀತು ಅಂತ ಬರೀತೀರಾ?" ಅಂತ ಕೇಳಿದ್ರು ಅಷ್ಟೆ.

ನನ್ನ ಹತ್ರ ಉತ್ತರ ಇರಲಿಲ್ಲ. ಹೊರಗೆ ಬಂದು ಗೊತ್ತಿರೋ ವಕೀಲರಿಗೆ ಫೋನ್ ಮಾಡಿದೆ. ಆಗ ತಿಳಿದದ್ದು ಮೂರು ವಿಷಯ.

ಒಂದು, ಆ ಸುಳ್ಳು ಬೇಕಾಗೇ ಇರಲಿಲ್ಲ. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿದೆ. ಲೋಡ್ ಸಮೇತ ಒಟ್ಟು ತೂಕ 7,500 ಕೆ.ಜಿ. ಒಳಗಿರೋ ಸರಕು ಗಾಡಿಯನ್ನ ಎಲ್‌ಎಂವಿ ಲೈಸೆನ್ಸ್ ಇದ್ದವರು ಓಡಿಸಬಹುದು, ಬೇರೆ ಟ್ರಾನ್ಸ್‌ಪೋರ್ಟ್ ಅನುಮತಿ ಬೇಕಿಲ್ಲ ಅಂತ. 2017ರಲ್ಲೂ ಇದೇ ಥರ ತೀರ್ಪು ಬಂದಿತ್ತು. ನಮ್ಮ ಆರ್‌ಸಿಯಲ್ಲಿರೋ ತೂಕ ಅದಕ್ಕಿಂತ ಕಮ್ಮಿ. ಗ್ಯಾರೇಜ್ ಮುಂದೆ ನಿಂತ ಒಬ್ಬರಿಗೂ ಇದು ಗೊತ್ತಿರಲಿಲ್ಲ, ನನಗೂ.

ಎರಡು, ಸುಳ್ಳು ನಿಲ್ತಾನೂ ಇರಲಿಲ್ಲ. ಅಪಘಾತದ ಗಾಯ ಅಂದ್ರೆ ಆಸ್ಪತ್ರೆಯಲ್ಲಿ ಎಂಎಲ್‌ಸಿ ಮಾಡ್ತಾರೆ. ಅದರಲ್ಲಿ ಹುಡುಗನ ಹೆಸರಿನ ಮುಂದೆ "ಚಾಲಕ" ಅಂತ ಆಗಲೇ ಬರೆದಾಗಿತ್ತು. ಆಮೇಲೆ ವಿಮಾ ಕಂಪನಿಯ ತನಿಖೆಯವರು ಬಂದು ಮೊದಲು ನೋಡಿದ್ದೇ ಆ ಕಾಗದ.

ಮೂರು, ಇದೇ ದೊಡ್ಡದು. ಸರಕು ಗಾಡಿಯ ಪಾಲಿಸಿಯಲ್ಲಿ ಸಂಬಳದ ಡ್ರೈವರಿಗೆ ಕೆಲಸದ ಮೇಲೆ ಪೆಟ್ಟಾದ್ರೆ ಕೊಡೋ ಪರಿಹಾರವೂ ಸೇರಿರುತ್ತೆ. ನಾನು ಓಡಿಸ್ತಿದ್ದೆ ಅಂತ ಸಹಿ ಹಾಕಿದ್ರೆ ಆ ಹುಡುಗ ಗಾಡಿಯಲ್ಲಿ ಡ್ರೈವರ್ ಆಗಿ ಇರಲೇ ಇಲ್ಲ ಅಂತ ನಾನೇ ಬರೆದುಕೊಟ್ಟ ಹಾಗೆ. ನನ್ನ ಕ್ಯಾಬಿನ್ ರಿಪೇರಿಗೆ ಅವನ ಕಾಲಿನ ಪರಿಹಾರ ಕೊಟ್ಟು ಬಿಡ್ತಿದ್ದೆ.

ನಿಜಾನೇ ಬರೆದೆ. ಸಲೀಸಾಗಿ ಆಯ್ತು ಅಂತಲ್ಲ. ಟ್ರಾನ್ಸ್‌ಪೋರ್ಟ್ ಲೈಸೆನ್ಸ್ ಯಾಕಿಲ್ಲ ಅಂತ ಕಂಪನಿಯಿಂದ ಕಾಗದ ಬಂತು. ತೀರ್ಪಿನ ಪ್ರತಿ, ಆರ್‌ಸಿ, ವೇಬ್ರಿಡ್ಜ್ ಚೀಟಿ ಇಟ್ಟು ಉತ್ತರ ಬರೆದೆ. ಆಮೇಲೆ ಬೇರೆ ತಕರಾರು ಬರಲಿಲ್ಲ.

ಇನ್ನು ದುಡ್ಡಿನ ಲೆಕ್ಕ. "ಫುಲ್ ಇನ್ಶೂರೆನ್ಸ್" ಅಂದ್ರೆ ಪೂರ್ತಿ ಕೊಡ್ತಾರೆ ಅಂತ ನಾವಂದುಕೊಂಡಿರ್ತೀವಿ. ನಮ್ಮ ಗ್ಯಾರೇಜ್ ಬಿಲ್ಲು 2,60,000. ಅದರಲ್ಲಿ ಕಬ್ಬಿಣದ ಭಾಗಗಳು 1,50,000. ಐದು ವರ್ಷ ದಾಟಿದ ಗಾಡಿಗೆ ಸವಕಳಿ ಅಂತ ಶೇ. 40 ಕಡಿತ, 60,000 ಹೋಯ್ತು. ರಬ್ಬರ್, ಪ್ಲಾಸ್ಟಿಕ್ 24,000, ಅದಕ್ಕೆ ಅರ್ಧ ಕಡಿತ. ಗಾಜು 10,000, ಕೂಲಿ 46,000, ಇವೆರಡಕ್ಕೂ ಕಡಿತ ಇಲ್ಲ. ಬಂಪರ್, ಹೆಡ್‌ಲೈಟ್, ಪೇಂಟ್ ಸೇರಿ 30,000, ಅದರಲ್ಲಿ ಒಂದು ರೂಪಾಯಿನೂ ಬರಲಿಲ್ಲ. ಸರಕು ಗಾಡಿಗೆ ಇವೆಲ್ಲ ಬೇಕು ಅಂದ್ರೆ "ಐಎಂಟಿ 23" ಅಂತ ಬೇರೆ ದುಡ್ಡು ಕಟ್ಟಿ ಸೇರಿಸಿರಬೇಕು. ನಾನು ಸೇರಿಸಿರಲಿಲ್ಲ. ಪಾಲಿಸಿಯಲ್ಲೇ ನಮ್ಮ ಪಾಲು ಅಂತ ಬರೆದಿದ್ದ 2,500, ಹಳೇ ಕಬ್ಬಿಣದ ಬೆಲೆ 3,500 ಕಳೆದು ಕೈಗೆ ಬಂದದ್ದು 1,52,000. ಗಾಡಿ ನಿಂತ ಏಳು ವಾರದ ಬಾಡಿಗೆ ಗಾಡಿ ಖರ್ಚು, ಸಾಲದ ಕಂತು, ಹಾಳಾದ ಈರುಳ್ಳಿ ಎಲ್ಲ ನಮ್ಮ ತಲೆ ಮೇಲೇ.

ನಾನು ಕಲಿತದ್ದು ಇಷ್ಟು. ಆದ ಜಾಗದಿಂದಲೇ ಕಂಪನಿಗೆ ಫೋನ್ ಮಾಡಿ, ದೂರಿನ ನಂಬರ್ ಬರೆದಿಟ್ಕೊಳ್ಳಿ. ಕ್ರೇನ್ ಎಳೆಯೋಕೆ ಮುಂಚೆ ಎರಡೂ ಗಾಡಿಯ ನಂಬರ್ ಕಾಣೋ ಹಾಗೆ ಫೋಟೋ ತೆಗೀರಿ. ಸರ್ವೇಯರ್ ನೋಡೋವರೆಗೂ ಒಂದು ಬೋಲ್ಟನ್ನೂ ಬಿಚ್ಚಿಸಬೇಡಿ, ಕೆಲಸ ಬೇಗ ಆಗಲಿ ಅಂತ ಮೆಕ್ಯಾನಿಕ್ ಆತುರ ಮಾಡಿದ್ರೂ. ಬಿಚ್ಚಿದ ಮೇಲೆ ಒಳಗೆ ಹೊಸ ಡ್ಯಾಮೇಜ್ ಕಂಡ್ರೆ ಮತ್ತೆ ಕರೆಸಿ ತೋರಿಸಿ. ಖಾಲಿ ಫಾರಂಗೆ ಸಹಿ ಹಾಕಬೇಡಿ, ಏಜೆಂಟ್ ನೆಂಟನೇ ಆಗಿದ್ರೂ. ಐಆರ್‌ಡಿಎಐನ 2024ರ ಸುತ್ತೋಲೆ ಪ್ರಕಾರ ತಿಳಿಸಿದ 24 ಗಂಟೆಯಲ್ಲಿ ಸರ್ವೇಯರ್ ನೇಮಿಸಬೇಕು, 15 ದಿನದಲ್ಲಿ ವರದಿ, ವರದಿ ಬಂದ 7 ದಿನದಲ್ಲಿ ತೀರ್ಮಾನ. ತಡ ಆದ್ರೆ ಈ ದಿನಗಳನ್ನ ಬರೆದು ಕೇಳಿ, ಬಾಯಲ್ಲಿ ಕೇಳಿದ್ದಕ್ಕೆ ಲೆಕ್ಕ ಇಲ್ಲ.

"ನಿಜವಾಗ್ಲೂ ನಮ್ಮದೇ ತಪ್ಪಿದ್ರೆ?" ಅಂತ ಕೇಳ್ತೀರಿ. ತಪ್ಪು ಇದ್ರೂ ಎಲ್ಲಾ ಸಲ ಪೂರ್ತಿ ಹೋಗಲ್ಲ. ಹಾಸನದ ವಿಮಾ ಕಚೇರಿ ಮೇಲಿನ ಒಂದು ಕೇಸಲ್ಲಿ ಆರು ಜನಕ್ಕೆ ಅವಕಾಶ ಇದ್ದ ಸರಕು ಗಾಡಿಯಲ್ಲಿ ಒಂಬತ್ತು ಜನ ಇದ್ರು. ಆ ಹೆಚ್ಚಿನ ಜನದಿಂದ ಅಪಘಾತ ಆಗಿದ್ದಲ್ಲ, ಹಾಗಾಗಿ ಕ್ಲೇಮು ಕೊಡಬೇಕು ಅಂತ 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಗಂತ ಜನ ತುಂಬೋಕೆ ಇದು ಪರವಾನಗಿ ಅಲ್ಲ. ಲೈಸೆನ್ಸೇ ಇಲ್ಲದವನ ಕೈಗೆ ಕೀ ಕೊಟ್ಟಿದ್ರಂತೂ ಗಾಡಿ ದುಡ್ಡು ಮರೆತುಬಿಡಿ. ಆಗಲೂ ಸುಳ್ಳು ಬೇಡ. ಗಾಡಿ ದುಡ್ಡಿನ ನಷ್ಟದ ಮೇಲೆ ಕೇಸೊಂದು ಬೇರೆ ಬೀಳುತ್ತೆ.

ಹುಡುಗ ಈಗ ಕೋಲಿಲ್ಲದೆ ನಡೀತಾನೆ, ಕ್ಲಚ್ ತುಳಿಯೋಕೆ ಇನ್ನೂ ಆಗಲ್ಲ. ಪರಿಹಾರದ ಕೇಸು ಕೋರ್ಟಲ್ಲಿದೆ. ಓಡಿಸಿದ್ದು ಇವನೇ, ನನ್ನ ಕೆಲಸಕ್ಕೇ ಹೋಗ್ತಿದ್ದ ಅಂತ ನಾನೇ ಹೋಗಿ ಸಾಕ್ಷಿ ಹೇಳಿ ಬಂದೆ.

ಗಾಡಿ ಇರೋರು ಇವತ್ತು ರಾತ್ರಿ ಊಟ ಆದ ಮೇಲೆ ಪಾಲಿಸಿ ತೆಗೆದು ಓದಿ. ಸಂಬಳದ ಡ್ರೈವರ್ ಅನ್ನೋ ಸಾಲು ಇದೆಯಾ ನೋಡಿ, ಅದಕ್ಕೆ ವರ್ಷಕ್ಕೆ ಬರೀ 50 ರೂಪಾಯಿ. ಕ್ಲೀನರ್, ಲೋಡಿಂಗ್ ಹುಡುಗರು ಸೇರಿದಾರಾ ನೋಡಿ. ಎಫ್‌ಸಿ, ಡ್ರೈವರ್ ಲೈಸೆನ್ಸ್ ತಾರೀಕು ನೋಡಿ. ಪೊಲೀಸರಿಗೆ ತೋರಿಸೋಕೆ ಅಂತ ಇಟ್ಕೊಂಡಿರೋ ಕಾಗದ ಅಲ್ಲ ಅದು. ನಮ್ಮ ಗಾಡಿ ಓಡಿಸೋ ಹುಡುಗನ ಮನೆಗೆ ನಾವು ಕೊಟ್ಟಿರೋ ಮಾತು.