ಅವ್ವನ ಎಡೆಗೆ ಏನಿಡೋಣ?

ಎರಡು ವರ್ಷದ ಹಿಂದಿನ ಮಾತು. ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ನಾವು ಮಕ್ಕಳೆಲ್ಲ ಪಿರಿಯಾಪಟ್ಟಣದ ಹತ್ತಿರದ ನಮ್ಮ ಹಳ್ಳಿಯ ಮನೆಯಲ್ಲಿ ಸೇರಿದ್ದೆವು. ಅವ್ವ ತೀರಿಕೊಂಡ ಮೇಲೆ ಅವಳಿಗೆ ಎಡೆ ಇಡುವ ಮೊದಲ ಹಬ್ಬ. ನಮ್ಮ ಕಡೆ ಎಡೆಯೆಂದರೆ ನಿಮಗೆ ಗೊತ್ತಲ್ಲ, ಹೋದವರಿಗೆ ಬದುಕಿದ್ದಾಗ ಏನೇನು ಇಷ್ಟವೋ ಅದನ್ನೆಲ್ಲ ಮಾಡಿ ಬಾಳೆಲೆಯ ಮೇಲೆ ಬಡಿಸಬೇಕು.

ತಮ್ಮನ ಹೆಂಡತಿ ಕಾಗದ ಹಿಡಿದು ಪಟ್ಟಿ ಬರೆಯುತ್ತಿದ್ದಳು. ವಡೆ, ಕಜ್ಜಾಯ, ಪಾಯಸ, ಚಿತ್ರಾನ್ನ. ಮೂಲೆಯಲ್ಲಿ ಕೂತಿದ್ದ ತಂಗಿ ಇದ್ದಕ್ಕಿದ್ದಂತೆ ಕೇಳಿದಳು: 'ಅವ್ವ ಯಾವತ್ತು ಇಷ್ಟಪಟ್ಟು ಕಜ್ಜಾಯ ತಿಂದಿದ್ಲು? ನಮಗೆ ಹಂಚಿ ಕೊನೇಲಿ ಮುರುಕು ತಿಂತಿದ್ಲು ಅಷ್ಟೆ. ಅವಳಿಗೆ ಬೇಕಾಗಿದ್ದಿದ್ದು ಬಿಸಿಹಿಟ್ಟು, ಹುರುಳಿಕಟ್ಟು, ನಂಚಿಕೊಳ್ಳೋಕೆ ಹುಚ್ಚೆಳ್ಳು ಖಾರ.'

ಯಾರೂ ಮಾತಾಡಲಿಲ್ಲ. ರಾಗಿಹಿಟ್ಟು ಮನೆಯಲ್ಲಿತ್ತು. ಹುರುಳಿಯನ್ನು ಅಂಗಡಿಯಿಂದ ತರಿಸಿದೆವು. ಹುಚ್ಚೆಳ್ಳು ಮಾತ್ರ ಇಡೀ ಊರಿನಲ್ಲಿ ಯಾರ ಮನೆಯಲ್ಲೂ ಒಂದು ಹಿಡಿ ಸಿಗಲಿಲ್ಲ. ತಮ್ಮ ಬೈಕಿನಲ್ಲಿ ಪೇಟೆಗೆ ಹೋಗಿ ಒಂದು ಪೊಟ್ಟಣ ತಂದ. ಹುರಿಯಲು ಹಾಕಿದೊಡನೆ ಕಮಟು ವಾಸನೆ. ಹಳೆಯ ಮಾಲು. ಅದನ್ನೇ ಕುಟ್ಟಿ ಎಡೆಗಿಟ್ಟೆವು. ಅವ್ವ ಇದ್ದಿದ್ದರೆ ಮೂಸಿ ನೋಡಿ, 'ಇದು ಯಾರ ಹೊಲದ್ದವ್ವ?' ಎಂದು ತಟ್ಟೆಯ ಪಕ್ಕಕ್ಕೆ ತಳ್ಳುತ್ತಿದ್ದಳು.

ಅವತ್ತಿನಿಂದ ಆ ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು. ಯಾರ ಹೊಲದ್ದು?

ನಮ್ಮ ನಾಲ್ಕು ತಾಲ್ಲೂಕುಗಳ ಅಡುಗೆಮನೆಗಳನ್ನೇ ನೋಡಿ. ಕೆ.ಆರ್. ನಗರದ ಅತ್ತೆಯ ಮನೆಗೆ ಹೋದರೆ ಬೆಳಗಾದರೆ ಅಕ್ಕಿರೊಟ್ಟಿ, ಹಬ್ಬಕ್ಕೆ ಒತ್ತುಶ್ಯಾವಿಗೆ. ಅಲ್ಲಿ ಕಾವೇರಿಯ ನಾಲೆ, ನಾಲೆಯ ಕೆಳಗೆ ಭತ್ತದ ಗದ್ದೆ. ಎಚ್.ಡಿ. ಕೋಟೆಯ ಕಾಡಂಚಿನ ನೆಂಟರ ಮನೆಯಲ್ಲಿ ಮಳೆಗಾಲಕ್ಕೆ ಕಳಲೆ ಪಲ್ಯ. ಎಳೆಬಿದಿರನ್ನು ಹೆಚ್ಚಿ, ನೀರು ಬದಲಾಯಿಸುತ್ತ ಎರಡು ಮೂರು ದಿನ ನೆನೆಸಿ, ಕಹಿ ತೆಗೆದು ಮಾಡುವುದು. ಹುಣಸೂರು, ಪಿರಿಯಾಪಟ್ಟಣದ ಕೆಂಪುಮಣ್ಣಿನ ಬೆದ್ದಲು ಹೊಲದವರಾದ ನಮ್ಮದು ಹಿಟ್ಟು, ಉಪ್ಪೆಸರು, ಬಸ್ಸಾರು, ಹಿತಕಿದ ಬೇಳೆ. ಇಂಥದ್ದು ಬೇಕೆಂದು ಯಾರೂ ಆರಿಸಿಕೊಂಡದ್ದಲ್ಲ. ಹೊಲ ಏನು ಕೊಟ್ಟಿತೋ ಅದನ್ನು ಅವ್ವಂದಿರು ಬೇಯಿಸಿದರು.

ನಮ್ಮ ಹೊಲ ಕೊಡುತ್ತಿದ್ದುದೂ ಒಂದೆರಡಲ್ಲ. ಅಪ್ಪ ಕೂರಿಗೆ ಹಿಡಿದರೆ, ಹಿಂದೆ ಅವ್ವ ಸಡ್ಡೆಯಲ್ಲಿ ಅಕ್ಕಡಿ ಕಾಳು ಬಿಡುತ್ತ ನಡೆಯುತ್ತಿದ್ದಳು. ಆರೆಂಟು ಸಾಲು ರಾಗಿಗೆ ಒಂದು ಸಾಲು ಅಕ್ಕಡಿ. ಅದರಲ್ಲಿ ಅವರೆ, ತೊಗರಿ, ಜೋಳ, ಹರಳು, ಹುಚ್ಚೆಳ್ಳು. ಕಾರ್ತಿಕ ಬರುವ ಹೊತ್ತಿಗೆ ಹೊಲದ ತುಂಬ ಹುಚ್ಚೆಳ್ಳಿನ ಹಳದಿ ಹೂವು, ಅದರ ಮೇಲೆ ಜೇನು. ರಾಗಿ ಕೊಯ್ದ ಮೇಲೂ ಹೊಲ ಬರಿದಾಗುತ್ತಿರಲಿಲ್ಲ. ಪುಷ್ಯದವರೆಗೆ ಸೊಗಡಿನ ಅವರೆಕಾಯಿ ಬಿಡಿಸುತ್ತಿದ್ದೆವು. ಕಳೆ ಕೀಳಲು ಹೋದ ಹೆಂಗಸರು ಬರುವಾಗ ಮಡಿಲ ತುಂಬ ಅಣ್ಣೆಸೊಪ್ಪು, ಗೋಣಿಸೊಪ್ಪು, ಕನ್ನೆಸೊಪ್ಪು ತರುತ್ತಿದ್ದರು. ಅದೇ ರಾತ್ರಿಯ ಬೆರಕೆಸೊಪ್ಪಿನ ಉಪ್ಪೆಸರು. ಕಾಸು ಕೊಟ್ಟು ತರುತ್ತಿದ್ದುದು ಉಪ್ಪು ಮತ್ತು ಬೆಲ್ಲ ಎಂದರೆ ಹೆಚ್ಚು ಸುಳ್ಳಾಗಲಾರದು.

ಆಮೇಲೆ ಹೊಗೆಸೊಪ್ಪು ಬಂತು. ನಮ್ಮ ಸೀಮೆಗೆ ಅದು ಹೊಸದಲ್ಲವಾದರೂ, 1984ರಲ್ಲಿ ರಾಜ್ಯದಲ್ಲಿ ತಂಬಾಕು ಮಂಡಳಿಯ ಹರಾಜು ಶುರುವಾದ ಮೇಲೆ ಅಪ್ಪನಿಗೂ ಧೈರ್ಯ ಬಂತು. ಹೊಲದ ಮೂಲೆಯಲ್ಲಿ ಬ್ಯಾರನ್ ಎದ್ದಿತು. ಹೊಗೆಸೊಪ್ಪಿನ ಸಾಲಿನ ನಡುವೆ ಅವರೆಗೆ ಜಾಗವಿಲ್ಲ. ಔಷಧಿ ಹೊಡೆದ ಹೊಲದಲ್ಲಿ ಯಾರು ಸೊಪ್ಪು ಕೀಳುತ್ತಾರೆ? ಹೊಗೆಸೊಪ್ಪು ಮುಗಿದ ಮೇಲೆ ಅದೇ ನೆಲಕ್ಕೆ ಅವಸರದಲ್ಲಿ ರಾಗಿ ಹಾಕುತ್ತಿದ್ದರು ನಿಜ. ಆ ಅವಸರದಲ್ಲಿ ಸಡ್ಡೆ ಅಟ್ಟ ಸೇರಿತು.

ಅಪ್ಪನನ್ನು ದೂರುವ ಬಾಯಿ ನನಗಿಲ್ಲ. ನಾನು ಕಾಲೇಜು ಓದಿದ್ದು, ತಂಗಿಯ ಮದುವೆಯಾದದ್ದು, ಮನೆಗೆ ಹೆಂಚು ಹೋಗಿ ತಾರಸಿ ಬಂದದ್ದು ಎಲ್ಲ ಹೊಗೆಸೊಪ್ಪಿನ ದುಡ್ಡಿನಲ್ಲೇ. ಹುಚ್ಚೆಳ್ಳು ಮಾರಿ ಯಾರೂ ಮಗಳನ್ನು ಓದಿಸಿಲ್ಲ. ಆದರೆ ಅವ್ವನ ಅಡುಗೆಯಿಂದ ಒಂದೊಂದೇ ಪದಾರ್ಥ ಎದ್ದುಹೋದದ್ದನ್ನು ನಾವು ಯಾರೂ ಗಮನಿಸಲಿಲ್ಲ. ಅವಳೂ ಹೇಳಲಿಲ್ಲ.

ಇದನ್ನು ಯೋಚಿಸುವಾಗ ನನ್ನ ಕಾಲೇಜಿನ ಗೆಳತಿ ನೆನಪಾಗುತ್ತಾಳೆ. ಅವಳು ನಮ್ಮದೇ ತಾಲ್ಲೂಕಿನ ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿನವಳು. 1960-61ರಲ್ಲಿ ಅವಳ ಅಪ್ಪ ಅಮ್ಮ ಬಂದಾಗ ಅಲ್ಲಿದ್ದುದು ಕಾಡು. ಮರ ಕಡಿದು, ನೆಲ ಹಸನು ಮಾಡಿ ಅವರು ಬೆಳೆದದ್ದು ಹೆಚ್ಚಾಗಿ ಮುಸುಕಿನ ಜೋಳ. ಅವರ ತಾಯ್ನಾಡಿನ ಊಟವೋ ತ್ಸಂಪಾ. ಹುರಿದ ಬಾರ್ಲಿಯ ಹಿಟ್ಟನ್ನು ಬೆಣ್ಣೆ ಹಾಕಿದ ಚಹಾದಲ್ಲಿ ಕಲಸಿ, ಕೈಯಲ್ಲೇ ಉಂಡೆ ಮಾಡಿ ತಿನ್ನುವುದು. ಮೊದಲ ಸಲ ನೋಡಿದಾಗ, 'ಇದು ನಮ್ಮ ಹಿಟ್ಟಿನ ತಂಗಿಯಲ್ಲವೇನೇ!' ಎಂದಿದ್ದೆ. ಬಾರ್ಲಿ ಬೆಳೆಯದ ಈ ಊರಿನಲ್ಲೂ ಅವಳ ಅಮ್ಮ ಎಲ್ಲಿಂದಲೋ ತರಿಸಿ ಡಬ್ಬಿಯಲ್ಲಿ ಕಾಪಾಡುತ್ತಿದ್ದರು.

ಅವರ ಹೊಸವರ್ಷ ಲೋಸರ್‌ಗೆ ಮುಂಚಿನ ಒಂದು ರಾತ್ರಿ ಗುತುಕ್ ಎಂಬ ಸಾರು ಮಾಡುತ್ತಾರೆ. ಅದರಲ್ಲಿ ತೇಲುವ ದೊಡ್ಡ ಹಿಟ್ಟಿನುಂಡೆಗಳ ಒಳಗೆ ಏನಾದರೂ ಬಚ್ಚಿಟ್ಟಿರುತ್ತಾರೆ. ಮೆಣಸಿನಕಾಯಿ ಸಿಕ್ಕವರು ಬಾಯಿಬಡುಕರು, ಇದ್ದಿಲು ಸಿಕ್ಕವರ ಮನಸ್ಸು ಕಪ್ಪು, ಉಣ್ಣೆ ಸಿಕ್ಕವರದು ಮೆತ್ತನೆಯ ಹೃದಯ. ನನಗೆ ಮೆಣಸಿನಕಾಯಿ ಸಿಕ್ಕಿ ಮನೆಯವರೆಲ್ಲ ಬಿದ್ದುಬಿದ್ದು ನಕ್ಕಿದ್ದರು. ಊರು ಬಿಟ್ಟು, ನೆಲ ಬಿಟ್ಟು ಬಂದವರು ಒಂದು ಸಾರನ್ನು ಬಿಡಲಿಲ್ಲ. ನೆಲವನ್ನು ಬಿಡದ ನಾವು ಹುಚ್ಚೆಳ್ಳನ್ನು ಬಿಟ್ಟೆವು.

ಹಾಗೆ ನೋಡಿದರೆ ರಾಗಿ, ಹುಚ್ಚೆಳ್ಳು ಎರಡೂ ಸಾವಿರಾರು ವರ್ಷಗಳ ಹಿಂದೆ ಪೂರ್ವ ಆಫ್ರಿಕಾದ ಎತ್ತರದ ಸೀಮೆಯಿಂದ ಇಲ್ಲಿಗೆ ಬಂದವು. ಇಥಿಯೋಪಿಯಾದಲ್ಲಿ ಇಂದಿಗೂ ಹುಚ್ಚೆಳ್ಳು ದೊಡ್ಡ ಎಣ್ಣೆಬೆಳೆ. ವರ್ಷ ವರ್ಷ ಯಾರೋ ಬಿತ್ತುತ್ತ ಬಂದದ್ದರಿಂದ ಅವು ನಮ್ಮವಾದವು. ಬಿತ್ತುವುದನ್ನು ನಿಲ್ಲಿಸಿದರೆ ಮತ್ತೆ ಹೊರಗಿನವೇ.

ಅವ್ವ ಮಾಡುತ್ತಿದ್ದ ಖಾರವನ್ನು ಇಲ್ಲಿ ಬರೆದುಬಿಡುತ್ತೇನೆ. ಒಂದು ಪಾವು ಹುಚ್ಚೆಳ್ಳನ್ನು ಕಲ್ಲುಮಣ್ಣು ಹೋಗುವಂತೆ ಕೇರಿ, ಎಣ್ಣೆ ಹಾಕದೆ ಸಣ್ಣ ಉರಿಯಲ್ಲಿ ಹುರಿಯಿರಿ. ಚಟಪಟ ಎಂದು ಘಮ್ಮೆಂದ ಕೂಡಲೇ ಇಳಿಸಿ, ಸೀದರೆ ಕಹಿ. ಹತ್ತು ಹನ್ನೆರಡು ಒಣಮೆಣಸಿನಕಾಯಿ ಹುರಿದು, ಗೋಲಿಯಷ್ಟು ಹುಣಸೆಹಣ್ಣು, ಉಪ್ಪು ಸೇರಿಸಿ ಒರಳಲ್ಲಿ ಕುಟ್ಟಿ. ಒಂದು ಗಡ್ಡೆ ಬೆಳ್ಳುಳ್ಳಿ ಕೊನೆಗೆ. ಮಿಕ್ಸಿಯಾದರೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಬೇಕು, ಇಲ್ಲದಿದ್ದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ.

ಇಷ್ಟು ಬರೆದರೂ ಇದು ಅರ್ಧ ಅಡುಗೆಯೇ. ಮಿಕ್ಕರ್ಧ ಹೊಲದಲ್ಲಿದೆ. ಆ ಎಡೆ ಮುಗಿದ ರಾತ್ರಿ ತಮ್ಮನಿಗೆ ಇದನ್ನೇ ಹೇಳಿದೆ. ಅವನು ನಕ್ಕ. 'ಅಕ್ಕ, ನೀನು ಮೈಸೂರಲ್ಲಿ ಕೂತು ಹುಚ್ಚೆಳ್ಳು ಬಿತ್ತು ಅಂತೀಯ. ಕೂಲಿ ಯಾರು ಕೊಡ್ತಾರೆ?' ಅವನು ಹೇಳಿದ್ದರಲ್ಲಿ ತಪ್ಪೇನಿತ್ತು? ನಾನು ಸುಮ್ಮನಾದೆ.

ಮುಂದಿನ ಮಳೆಗಾಲದಲ್ಲಿ ಅವನೇ ಫೋನ್ ಮಾಡಿದ. ಬಾವಿಯ ಹತ್ತಿರದ ಹತ್ತು ಗುಂಟೆಗೆ ರಾಗಿ ಹಾಕಿ, ಹಳೇ ಊರಿನ ನೆಂಟರೊಬ್ಬರಿಂದ ಒಂದು ಸೇರು ಬೀಜ ತಂದು ಅಕ್ಕಡಿ ಬಿಟ್ಟಿದ್ದನಂತೆ. ಅಟ್ಟದಿಂದ ಸಡ್ಡೆ ಇಳಿಸಿದರೆ ಗೆದ್ದಲು ಹಿಡಿದಿತ್ತಂತೆ. ಅವನ ಹೆಂಡತಿ ಕೈಯಲ್ಲೇ ಬಿಟ್ಟಳಂತೆ. ಕಾರ್ತಿಕದಲ್ಲಿ ಹೋಗಿ ನೋಡಿದೆ. ಸಾಲು ಸೊಟ್ಟವಾಗಿತ್ತು. ಹೂವು ಬಿಟ್ಟಿತ್ತು.

ಕೊಯ್ಲಿನಲ್ಲಿ ಸಿಕ್ಕಿದ್ದು ನಾಲ್ಕು ಸೇರು ಹುಚ್ಚೆಳ್ಳು. ಎರಡು ಸೇರು ಬೀಜಕ್ಕೆ ತೆಗೆದಿಟ್ಟು, ಮಿಕ್ಕದ್ದನ್ನು ಮೂವರು ಹಂಚಿಕೊಂಡೆವು. ನನ್ನ ಪಾಲಿನದನ್ನು ನಾನಿನ್ನೂ ಹುರಿದಿಲ್ಲ. ಡಬ್ಬಿಯ ಮುಚ್ಚಳ ತೆಗೆದು ಆಗಾಗ ಮೂಸಿ ನೋಡುತ್ತೇನೆ, ಕಮಟು ಬಂದಿಲ್ಲ ತಾನೆ ಎಂದು. ಮಹಾಲಯ ಅಮಾವಾಸ್ಯೆ ಹತ್ತಿರ ಬರುತ್ತಿದೆ.